ಮಳಖೇಡದ ಅರಸನಿಗೆ ನಾನು ಕಲಿಸಿದ ಕನ್ನಡ

ಅಮೆರಿಕದ ನಮ್ಮ ಕನ್ನಡ ಕೂಟಕ್ಕೆ ಪ್ರತಿ ನವೆಂಬರಿನಲ್ಲೂ ಒಬ್ಬ ಚಕ್ರವರ್ತಿ ಬೇಕು. ರಾಜ್ಯೋತ್ಸವಕ್ಕೆ ನಾಟಕ ಆಗಲೇಬೇಕು, ನಾಟಕವೆಂದರೆ ಅದರಲ್ಲಿ ದರ್ಬಾರು ಇರಲೇಬೇಕು. ಚಕ್ರವರ್ತಿಯನ್ನು ಹುಡುಕುವ ಕೆಲಸ ಹನ್ನೊಂದು ವರ್ಷ ನನ್ನದಾಗಿತ್ತು. ಎತ್ತರ ಇರಬೇಕು, ಗಂಟಲು ಇರಬೇಕು, ಶನಿವಾರ ಮಧ್ಯಾಹ್ನ ಮಕ್ಕಳನ್ನು ಸಾಕರ್‌ಗೆ ಕರೆದುಕೊಂಡು ಹೋಗುವ ಕೆಲಸ ಇರಬಾರದು. ಮೂರೂ ಒಬ್ಬನಲ್ಲೇ ಸಿಗುವುದು ಕಷ್ಟ. ನಮಗೆ ಸಿಕ್ಕಿದ್ದವರು ಪಕ್ಕದ ಊರು ಹಾಫ್‌ಮನ್ ಎಸ್ಟೇಟ್ಸ್‌ನ ಒಬ್ಬ ಹಲ್ಲಿನ ಡಾಕ್ಟರು. ನಾಲ್ಕು ಸಲ ಅವರೇ ವಿಜಯನಗರವನ್ನು ಆಳಿದರು.

ನಮ್ಮದು ಯಾವಾಗಲೂ ವಿಜಯನಗರವೇ. ಡೆವನ್ ಅವೆನ್ಯೂನ ಇಂಡಿಯನ್ ಅಂಗಡಿಯಿಂದ ಕೆಂಪು ವೆಲ್ವೆಟ್ ತಂದಿದ್ದೆವು. ಅದು ಸಿಂಹಾಸನಕ್ಕೂ ಆಗುತ್ತಿತ್ತು, ರಟ್ಟಿನ ಆನೆಯ ಬೆನ್ನಿಗೂ ಆಗುತ್ತಿತ್ತು. ಬೀದಿಯಲ್ಲಿ ಸೇರಿನಿಂದ ಅಳೆದು ಮುತ್ತು ಮಾರುವ ದೃಶ್ಯ ಪ್ರತಿ ವರ್ಷ ಇರಬೇಕು. ಪ್ಲಾಸ್ಟಿಕ್ ಮಣಿ ಸುರಿಯುವ ಸದ್ದಿಗೆ ಚಪ್ಪಾಳೆ ಗ್ಯಾರಂಟಿ. ಇನ್ನೊಂದು ಗ್ಯಾರಂಟಿ ಎಂದರೆ ಬಾಗಿಲ ಕಾವಲುಗಾರ. ರಾಜ, ರಾಣಿ, ಮಂತ್ರಿ ಎಲ್ಲರೂ ಇಸ್ತ್ರಿ ಹಾಕಿದಂಥ ಕನ್ನಡ ಆಡುತ್ತಿದ್ದರು. ಕಾವಲುಗಾರನೊಬ್ಬ ಮಾತ್ರ ಉತ್ತರ ಕರ್ನಾಟಕದ ಮಾತಾಡುತ್ತಿದ್ದ. ಅವನು ಬಾಯಿ ಬಿಟ್ಟರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಮಾತುಗಳನ್ನು ಬರೆಯುತ್ತಿದ್ದವಳು ನಾನು. ದಾವಣಗೆರೆಯಿಂದ ಆಚೆಗೆ ಒಮ್ಮೆಯೂ ಕಾಲಿಟ್ಟವಳಲ್ಲ. ವಿಜಯನಗರ ಇದ್ದದ್ದೇ ದಾವಣಗೆರೆಯಿಂದ ಆಚೆ ಎನ್ನುವುದು ಆ ಹನ್ನೊಂದು ವರ್ಷದಲ್ಲಿ ನನಗೆ ಹೊಳೆಯಲೂ ಇಲ್ಲ.

ನಾನು ಮೈಸೂರಿನವಳು. ನಮ್ಮ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಅಲ್ಲಿ ಮಾಡುತ್ತಿದ್ದದ್ದು ಕುದುರೆಗಳ ಹುಲ್ಲು ಹುರುಳಿಯ ಲೆಕ್ಕ ಬರೆಯುವ ಕೆಲಸ. ಆದರೂ ದರ್ಬಾರು ಎಂದರೆ ಹೇಗಿರುತ್ತದೆ ಎಂದು ನಮ್ಮ ಮನೆತನಕ್ಕೆ ಗೊತ್ತು ಎಂಬ ಜಂಬ ನನಗೆ ಹುಟ್ಟಿನಿಂದಲೇ ಬಂದಿತ್ತು. ಅಮೆರಿಕಕ್ಕೆ ಬಂದು ಇಪ್ಪತ್ತೆಂಟು ವರ್ಷವಾದರೂ ಅದು ಕರಗಿರಲಿಲ್ಲ. ದಿನವೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ ಯಾರ ಯಾರದೋ ರಕ್ತದ ಸೀಸೆಗಳ ಮುಂದೆ ಕೂರುವವಳಿಗೆ ವರ್ಷಕ್ಕೆ ಎರಡು ತಿಂಗಳು ರಾಜರಿಗೇ ಬುದ್ಧಿ ಹೇಳುವ ಅಧಿಕಾರ ಸಿಕ್ಕರೆ ಯಾರು ಬಿಡುತ್ತಾರೆ?

ಡೆಟ್ರಾಯಿಟ್ ಕಡೆಯ ಕನ್ನಡಿಗರಿಗೂ ನಮಗೂ ಒಂದು ಕೊಡುಕೊಳ್ಳುವಿಕೆ ಇತ್ತು. ಯುಗಾದಿಗೆ ಅವರ ನಾಟಕ ನಮ್ಮಲ್ಲಿ, ರಾಜ್ಯೋತ್ಸವಕ್ಕೆ ನಮ್ಮ ನಾಟಕ ಅವರಲ್ಲಿ. ಹಾಗಾಗಿ ಒಂದು ನವೆಂಬರಿನಲ್ಲಿ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ದೇವಸ್ಥಾನದ ಹಾಲ್‌ನಲ್ಲಿ ವಿಜಯನಗರ ಮುಗಿಸಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು ಮಾತಾಡಿಸಿದರು. ತೆಳ್ಳಗೆ, ಎತ್ತರ, ಎಪ್ಪತ್ತರ ಮೇಲಾಗಿರಬೇಕು. ಸ್ವೆಟರಿನ ಮೇಲೆ ಒಂದು ಹಳೆಯ ಕೋಟು.

"ಯವ್ವಾ, ನಾಟಕ ಭಾಳ ಚಂದ ಆತು. ನಮ್ಮ ರಾಜರನ್ನ ಯಾವಾಗ ಕರಸ್ತೀರಿ?"

"ನಿಮ್ಮ ರಾಜರು ಅಂದ್ರೆ ಯಾರು ಅಂಕಲ್?" ಎಂದೆ.

"ರಾಷ್ಟ್ರಕೂಟರು. ನಂದು ಮಳಖೇಡ."

ತಟ್ಟೆ ಹಿಡಿದುಕೊಂಡು ಒಂದು ಮೂಲೆಯಲ್ಲಿ ಕೂತೆವು. ಅವರು ಹೇಳುತ್ತಾ ಹೋದರು. ನಾವು ತೋರಿಸಿದ ವಿಜಯನಗರಕ್ಕಿಂತ ಐದುನೂರು ವರ್ಷ ಮೊದಲೇ, ಕಾಗಿಣಾ ಹೊಳೆಯ ದಂಡೆಯ ಅವರ ಊರು ಒಂದು ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಅಲ್ಲಿಂದ ಹೊರಟ ದಂಡು ಗಂಗೆಯ ನೀರು ಕುಡಿದು ಬಂದಿತ್ತು. ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಅಲ್ಲಿಯ ಅರಸನೂ ಒಬ್ಬ ಎಂದು ಅರಬ್ಬೀ ಪ್ರವಾಸಿಗಳು ಬರೆದಿಟ್ಟಿದ್ದರು. ಈಗ ಅಲ್ಲಿ ಏನಿದೆ ಎಂದು ಕೇಳಿದೆ. "ಒಂದು ಮುರುಕು ಕೋಟಿ ಅದ. ಸುತ್ತ ತೊಗರಿ ಹೊಲ. ಸಿಮೆಂಟ್ ಫ್ಯಾಕ್ಟರಿ ಧೂಳಿ. ನಾವು ಹುಡುಗರಿದ್ದಾಗ ಕೋಟಿ ಗ್ವಾಡಿ ಮ್ಯಾಲ ಕೂತು ಹುಣಸಿಕಾಯಿ ತಿಂತಿದ್ವಿ. ಚಕ್ರವರ್ತಿ ಮನಿ ಅಂತ ಯಾರೂ ಹೇಳಿರಲಿಲ್ಲ," ಎಂದರು.

ಆಮೇಲೆ ಅವರು ತಮಗೆ ಬೇಕಾದ್ದನ್ನು ಹೇಳಿದರು. ಅದನ್ನು ನಾನು ಕೇಳಿಸಿಕೊಂಡೆ, ಮರೆಯಲಿಲ್ಲ ಕೂಡ. ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಮುಂದೆ ಮಾಡಿದ್ದನ್ನೆಲ್ಲ ಮಾಡಿದೆ.

ಅವರಿಗೆ ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ಏಳು ವರ್ಷದವಳಿದ್ದಾಗ ಅವಳನ್ನು ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಿದ್ದರಂತೆ. ಅಲ್ಲಿ ಅವಳು ಮನೆಯಲ್ಲಿ ಆಡುವ ಹಾಗೆ "ನಮ್ಮಪ್ಪ ಆಫೀಸಿಗೆ ಹೋಗ್ಯಾನ" ಅಂದಳು. ಮಕ್ಕಳೆಲ್ಲ ನಕ್ಕವು. ಕಲಿಸುವ ಟೀಚರೂ ನಕ್ಕು, ಹಾಗಲ್ಲ ಮರಿ ಎಂದು ತಿದ್ದಿದರು. ಮಗು ಮನೆಗೆ ಬಂದು, ನಮ್ಮದು ತಪ್ಪು ಕನ್ನಡವಾ ಎಂದು ಕೇಳಿತು. "ತಪ್ಪಲ್ಲ, ಅದು ರಾಜರ ಮಾತು, ನಮ್ಮೂರಾಗ ಚಕ್ರವರ್ತಿ ಇದ್ದ, ಆತ ಹಿಂಗ ಮಾತಾಡ್ತಿದ್ದ," ಎಂದು ಇವರು ಸಮಾಧಾನ ಮಾಡಿದರು. ಸ್ವಲ್ಪ ದಿನ ನಂಬಿದಳು. ಆಮೇಲೆ ನಂಬಲಿಲ್ಲ, ಕನ್ನಡವನ್ನೇ ಬಿಟ್ಟಳು. ತಾಯಿ ತೀರಿಕೊಂಡ ಮೇಲಂತೂ ಮನೆಯಲ್ಲಿ ಎಲ್ಲ ಇಂಗ್ಲಿಷೇ ಆಯಿತು. ಅವಳಿಗೆ ಆಗ ಮೂವತ್ತೈದು. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕೆಲಸ, ನಮ್ಮ ಮನೆಯಿಂದ ನಾಲ್ಕು ಮೈಲಿ.

"ಒಮ್ಮೆ, ಒಂದೇ ಒಮ್ಮೆ ಸ್ಟೇಜಿನ ಮ್ಯಾಲ ಒಬ್ಬ ಅರಸ ನಮ್ಮ ಮಾತು ಆಡೋದು ಆಕಿ ಕೇಳಬೇಕು. ನಾ ಸುಳ್ಳು ಹೇಳಿಲ್ಲ ಅಂತ ಆಕಿಗಿ ಗೊತ್ತಾಗಬೇಕು," ಎಂದರು.

"ಮುಂದಿನ ವರ್ಷ ಮಾಡೇ ಮಾಡೋಣ ಅಂಕಲ್. ನೀವೇ ರಾಜ," ಎಂದು ನಾನು ಮಾತು ಕೊಟ್ಟೆ.

ಹೊರಡುವಾಗ ಅವರು ಕಾರಿನ ತನಕ ಬಂದು, "ಸಾವಕಾಶ ಹೋಗಿ ಬಾರವ್ವ," ಎಂದರು. ಅಷ್ಟು ಮೆತ್ತಗೆ ನನ್ನನ್ನು ಯಾರಾದರೂ ಬೀಳ್ಕೊಟ್ಟು ವರ್ಷಗಳಾಗಿದ್ದವು.

ನಾಟಕವನ್ನು ಅವರೇ ಬರೆದರು. ಇಡೀ ಆಯುಷ್ಯ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಯಾವ ಯಂತ್ರ ಎಲ್ಲಿ ನಿಲ್ಲಬೇಕೆಂದು ನಕ್ಷೆ ಹಾಕಿದವರು. ಹಾಗಾಗಿ ಮೊದಲು ಬಂದದ್ದು ಮಾತಲ್ಲ, ಗ್ರಾಫ್ ಹಾಳೆಯ ಮೇಲೆ ದರ್ಬಾರಿನ ಪ್ಲಾನು. ಒಂದು ಚೌಕಕ್ಕೆ ಎರಡು ಅಡಿ. ನಡುವೆ ಅರಸ, ಬಲಕ್ಕೆ ಯುವರಾಜ, ಎಡಕ್ಕೆ ಯುದ್ಧ ಮತ್ತು ಸಂಧಿಯ ಪತ್ರ ಬರೆಯುವ ಮಂತ್ರಿ, ಅವರ ಹಿಂದೆ ದಂಡನಾಯಕ, ಚಾಮರ ಬೀಸುವವರು, ಕವಿಗಳು, ವೈದ್ಯರು. ಸೋತ ರಾಜರಿಗೆ, ಅಧೀನರಾದ ಸಾಮಂತರಿಗೆ ಪ್ರತ್ಯೇಕ ಸಾಲು. ಅವರಲ್ಲಿ ಮೆಚ್ಚುಗೆ ಗಳಿಸಿದವರಿಗೆ ಮಾತ್ರ ಐದು ಬಗೆಯ ವಾದ್ಯ ಬಾರಿಸಿಕೊಂಡು ಓಡಾಡುವ ಗೌರವ. ಹಾಳೆಯ ಕೆಳಗೆ ಬಾಗಿಲು. ಅದಕ್ಕೆ ಕೆಂಪು ಪೆನ್ಸಿಲಿನಲ್ಲಿ ಎರಡು ಸುತ್ತು ಹಾಕಿದ್ದರು.

"ದರ್ಬಾರಿನಾಗ ಸಿಂಹಾಸನಕ್ಕಿಂತ ಬಾಗಲಾ ದೊಡ್ಡದು ನೋಡವ್ವ. ಯಾರ್ಯಾರು ಬಾಗಲಾಗ ಕಾಯ್ಕೊತ ನಿಂತಾರ ಅನ್ನೋದರ ಮ್ಯಾಲ ಅರಸ ಎಷ್ಟು ದೊಡ್ಡವ ಅಂತ ಅಳೀತಿದ್ರು," ಎಂದರು.

ಕತೆಯನ್ನು ಒಂದು ತಾಮ್ರಪಟದಿಂದ ತೆಗೆದಿದ್ದರು. ನಾಡಿಗೆ ದೊಡ್ಡ ಕೇಡು ಬಂದಾಗ ಆ ವಂಶದ ಅರಸನೊಬ್ಬ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು ಅದರಲ್ಲಿದೆಯಂತೆ. ಯುದ್ಧಕ್ಕಿಂತ ಓದು, ತಪಸ್ಸು ಬಯಸುತ್ತಿದ್ದ, ಸಿಂಹಾಸನದಿಂದ ಆಗಾಗ ಎದ್ದು ಹೋಗಿಬಿಡುತ್ತಿದ್ದ ಅರಸ ಅವನು. ಅಂಕಲ್‌ರ ನಾಟಕದಲ್ಲಿ ಕೇಡು ಎಂದರೆ ಸಾಂಕ್ರಾಮಿಕ ರೋಗ. ಸತ್ತವರ ಮನೆಯವರು ಅರಮನೆಗೆ ಬರುತ್ತಾರೆ. ಬಾಗಿಲು ತೆಗೆಯಬೇಡಿ ಎಂದು ಮಂತ್ರಿಗಳು ಹೇಳುತ್ತಾರೆ. ಅರಸ ತಾನೇ ಎದ್ದು ಹೋಗಿ ಬಾಗಿಲು ತೆಗೆದು, ಹೊಸ್ತಿಲಲ್ಲಿ ಕೂತುಕೊಳ್ಳುತ್ತಾನೆ. "ಯಾರ ಮನ್ಯಾಗ ಯಾರು ಹೋದ್ರು, ಒಬ್ಬೊಬ್ಬರದೇ ಹೆಸರ ಹೇಳ್ರಿ. ನಾ ಕೇಳ್ಕೊತ ಕೂಡ್ತೀನಿ." ಬೆರಳು ಕೊಡುವುದು ಇದಾದ ಮೇಲೆ.

ಬರೆದು ಮುಗಿಸಿದ ವಾರವೇ ಅವರು ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದರು. ಹದಿನಾಲ್ಕು ನಿಮಿಷದ್ದು. "ಒಮ್ಮೆ ಕೇಳವ್ವ, ರಾಜನ ಮಾತು ಹೆಂಗ ಬಂದಾವ ನೋಡು," ಎಂದು ಕೆಳಗೆ ಬರೆದಿದ್ದರು. ಹದಿನಾಲ್ಕು ನಿಮಿಷ ಕೇಳುವ ಪುರುಸೊತ್ತು ಯಾರಿಗಿದೆ, ಶನಿವಾರ ಹೇಗೂ ಬರುತ್ತಾರಲ್ಲ ಎಂದುಕೊಂಡೆ. ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದೆ.

ತಾಲೀಮು ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ. ಟ್ರಾಯ್‌ನಿಂದ ಹೆಚ್ಚುಕಡಿಮೆ ಮುನ್ನೂರು ಮೈಲಿ. ಅವರು ಬೆಳಗ್ಗೆ ಹೊರಟು, ಐ-94 ಹೆದ್ದಾರಿಯಲ್ಲಿ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದು, ಎಲ್ಲರಿಗಿಂತ ಮೊದಲು ಕ್ಲಬ್‌ಹೌಸಿನ ಮುಂದೆ ನಿಂತಿರುತ್ತಿದ್ದರು. ಕೈಯಲ್ಲಿ ತಾವೇ ತಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ. "ಬರೂವಾಗ ಒಂದು ತಾಸು ಗಳಸ್ತೀನಿ, ಹೋಗೂವಾಗ ಕಳ್ಕೊತೀನಿ," ಎಂದು ಎರಡು ಊರಿನ ಗಡಿಯಾರಗಳ ಬಗ್ಗೆ ಪ್ರತಿ ವಾರವೂ ಹೇಳಿ, ಪ್ರತಿ ವಾರವೂ ನಗುತ್ತಿದ್ದರು. ಶನಿವಾರ ಮಗಳ ಮನೆಯಲ್ಲಿ ಉಳಿದು ಭಾನುವಾರ ವಾಪಸ್ಸು.

ಮೊದಲ ದಿನ ಅವರು ಸಿಂಹಾಸನದಿಂದ ಎದ್ದು, "ಬಾಗಲಾ ತಗೀರಿ. ಮಂದಿ ನಿಂತಾರ," ಎಂದರು. ಚಾಮರ ಹಿಡಿದಿದ್ದ ಕಾಲೇಜು ಹುಡುಗಿಯರು ಕಿಸಕ್ಕೆಂದು ನಕ್ಕರು. ದಂಡನಾಯಕನ ವೇಷದ ಸಾಫ್ಟ್‌ವೇರಿನವನು ಮುಖ ಆಚೆ ತಿರುಗಿಸಿದ. ಅವರ ತಪ್ಪೇನು? ಆ ಮಾತು ಕೇಳಿದರೆ ನಗಬೇಕು ಎಂದು ಹನ್ನೊಂದು ವರ್ಷ ಕಲಿಸಿದವಳು ನಾನೇ. ಆದರೆ ಆವತ್ತು ನನಗೆ ಹಾಗೆ ಅನ್ನಿಸಲಿಲ್ಲ. ರಾಜನ ಮಾತಿಗೆ ನಕ್ಕರೆ ನಾಟಕದ ಗತಿ ಏನು ಎಂದು ಗಾಬರಿಯಾಯಿತು. ನನಗೆ ಗಾಬರಿಯಾದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಎದುರಿಗಿರುವವರನ್ನು ತಿದ್ದುತ್ತೇನೆ. ನಗುವವರನ್ನು ತಿದ್ದಬೇಕಿತ್ತು. ಅಂಕಲ್‌ರನ್ನು ತಿದ್ದಿದೆ.

"ಅಂಕಲ್, ಸ್ಟೇಜ್ ಮೇಲೆ 'ನಿಂತಾರ' ಬೇಡ. 'ಪ್ರಜೆಗಳು ನಿಂತಿದ್ದಾರೆ' ಅನ್ನಿ. 'ನಾ' ಬೇಡ, 'ನಾವು' ಅನ್ನಿ. ರಾಜ ಅಲ್ವಾ?"

ಅವರು ಒಮ್ಮೆ ಮಾತ್ರ ಎದುರಾಡಿದರು, ಅದೂ ನಗುತ್ತಾ. "ಅಲ್ಲವ್ವ, ಮಳಖೇಡದಾಗ ಕೂತ ಅರಸ ಮೈಸೂರಿನ ಮಾತು ಯಾಕ ಆಡ್ಯಾನು?"

"ಹಾಗೆ ನೋಡಿದ್ರೆ ಆವಾಗ ಇದ್ದದ್ದು ಹಳಗನ್ನಡ ಅಂಕಲ್. ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಸ್ಟೇಜಿಗೆ ಅಂತ ಒಂದು ಭಾಷೆ ಇರುತ್ತೆ," ಎಂದೆ.

ಹೇಳಿದ್ದು ನಿಜವೇ. ಆದರೆ ಆ ಸ್ಟೇಜಿನ ಭಾಷೆ ನಮ್ಮ ಮನೆಯ ಭಾಷೆಗೆ ಹತ್ತಿರ, ಅವರ ಮನೆಗೆ ದೂರ ಎನ್ನುವುದನ್ನು ನಾನು ಹೇಳಲಿಲ್ಲ. ಅವರು ಮಗಳ ವಿಷಯ ನೆನಪಿಸಲಿಲ್ಲ. ನನಗೆ ನೆನಪಿದೆ ಎಂದು ಅವರಿಗೆ ಗೊತ್ತಿತ್ತು. "ಆತು, ನೀ ಹೇಳಿದಂಗ," ಎಂದು ಹಾಳೆಯ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆದುಕೊಂಡರು. ನಾನು ರಾಜನ ಮಾತುಗಳನ್ನೆಲ್ಲ ನನ್ನ ಕನ್ನಡದಲ್ಲಿ ಓದಿ, ರೆಕಾರ್ಡ್ ಮಾಡಿ ಕಳಿಸಿದೆ. ಅವರು ಅದನ್ನು ಕಾರಿನಲ್ಲಿ ಹಾಕಿಕೊಂಡು, ಬರುತ್ತಾ ಮುನ್ನೂರು ಮೈಲಿ, ಹೋಗುತ್ತಾ ಮುನ್ನೂರು ಮೈಲಿ ಅಭ್ಯಾಸ ಮಾಡಿದರು.

ಶ್ರಮಪಟ್ಟು ಕಲಿತರು. ಐದನೆಯ ಶನಿವಾರದ ಹೊತ್ತಿಗೆ ಒಂದು ಮಾತೂ ತಪ್ಪುತ್ತಿರಲಿಲ್ಲ. "ಯಾರ ಮನೆಯಲ್ಲಿ ಯಾರು ಅಗಲಿದರು, ಹೆಸರು ಹೇಳಿರಿ. ನಾವು ಆಲಿಸುತ್ತೇವೆ." ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗಿತ್ತು. ಹೊಸ್ತಿಲಲ್ಲಿ ಕೂತ ಅರಸ ಅಲ್ಲಿ ಇರಲೇ ಇಲ್ಲ. ತಪ್ಪಿಲ್ಲದೆ ಹೇಳುವುದರಲ್ಲೇ ಅವರ ಜೀವವೆಲ್ಲ ಹೋಗುತ್ತಿತ್ತು. ಅದನ್ನು ನೋಡಿ, ಅಯ್ಯೋ ನಾನೇ ಕೆಡಿಸಿದೆ ಎಂದು ಅನ್ನಿಸಬೇಕಿತ್ತು. ಪಾಪ, ಇವರಿಗೆ ಅಭಿನಯ ಬರುವುದಿಲ್ಲ ಎಂದು ಅನ್ನಿಸಿತು.

ನಾಟಕಕ್ಕೆ ಎರಡು ವಾರ ಇರುವಾಗ ರಾಜನ ಪಾತ್ರವನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟೆ. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ, ಫೋನ್ ಮಾಡಿದೆ. ಇಷ್ಟು ದೂರ ಡ್ರೈವಿಂಗು, ನಿಮ್ಮ ವಯಸ್ಸು, ಉದ್ದುದ್ದ ಮಾತು ಎಂದೆಲ್ಲ ಸುತ್ತಿ ಬಳಸಿ ಹೇಳಿದೆ. ಅವರಿಗೆ ಮಾತಾಡಲು ಬಿಡದೆ ನಾನೇ ಮುಂದುವರಿಸಿದೆ.

"ನಿಮ್ಮನ್ನ ಬಾಗಿಲಿಗೆ ಹಾಕಿದೀನಿ ಅಂಕಲ್. ನೀವೇ ಹೇಳಿದ್ರಲ್ಲ, ಸಿಂಹಾಸನಕ್ಕಿಂತ ಬಾಗಿಲೇ ದೊಡ್ಡದು ಅಂತ. ಅಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ. ಜನಕ್ಕೆ ಮಜಾ ಬರುತ್ತೆ."

ಈ ಕೊನೆಯ ಮಾತನ್ನು ಮತ್ತೆ ಮತ್ತೆ ನೆನೆಸಿಕೊಂಡಿದ್ದೇನೆ. ಬೇರೆ ಯಾವ ಮಾತಿಗಾದರೂ ಒಂದು ನೆಪ ಹುಡುಕಬಹುದು, ಇದಕ್ಕೆ ಸಿಗುವುದಿಲ್ಲ. ನನ್ನ ನಾಲಿಗೆಗೆ ಅಷ್ಟು ಸಲೀಸಾಗಿ ಹೇಗೆ ಬಂತೋ.

"ಆತವ್ವ," ಎಂದರು. "ಮಗಳು ಬರತೀನಂದಾಳ. ಆಕಿಗಿ ಹೇಳ್ತೀನಿ."

ಟ್ರಾಯ್‌ನ ಹಾಲ್ ತುಂಬಿತ್ತು. ಮಗಳು ಮೂರನೆಯ ಸಾಲಿನಲ್ಲಿ ಕೂತಿದ್ದಳು; ಬೂದು ಬಣ್ಣದ ಕೋಟು, ತಂದೆಯದೇ ಮೂಗು. ಪರದೆ ಸರಿಯಿತು. ಗ್ರಾಫ್ ಹಾಳೆಯ ಪ್ರಕಾರವೇ ಎಲ್ಲರೂ ನಿಂತಿದ್ದರು, ಚಾಮರದವರಿಂದ ಸಾಮಂತರ ತನಕ ಒಂದು ಅಡಿ ಆಚೀಚೆ ಇಲ್ಲ. ಬಾಗಿಲಲ್ಲಿ ಅಂಕಲ್, ಕೈಯಲ್ಲಿ ಕೋಲು, ತಲೆಗೆ ಬಿಳಿ ರುಮಾಲು. ಅವರು ಎರಡು ಹೆಜ್ಜೆ ಮುಂದೆ ಬಂದು, ಯಾವ ನಾಟಕೀಯತೆಯೂ ಇಲ್ಲದೆ, ಮನೆಯಲ್ಲಿ ಹೇಳುವಂತೆ ಹೇಳಿದರು.

"ಅಪ್ಪಾವ್ರ, ಬಾಗಲಾಗ ಮಂದಿ ಬಂದಾರ. ಅಳಕೊತ ನಿಂತಾರ."

ಇಡೀ ಹಾಲ್ ಗೊಳ್ಳೆಂದು ನಕ್ಕಿತು.

ಅಳುತ್ತಾ ನಿಂತಿದ್ದಾರೆ ಎಂದು ಹೇಳಿದ್ದಕ್ಕೆ ನಕ್ಕರು. ಅರ್ಥ ಯಾರ ಕಿವಿಗೂ ಹೋಗಲಿಲ್ಲ. ಕಾವಲುಗಾರ ಬಾಯಿ ಬಿಟ್ಟ, ಅಷ್ಟು ಸಾಕಾಗಿತ್ತು. ಮುಂದಿನ ಸಾಲಿನವರೊಬ್ಬರು ಶಿಳ್ಳೆ ಹಾಕಿದರು. ಅಂಕಲ್ ನಗು ನಿಲ್ಲುವ ತನಕ ಕಾದರು. ಅವರ ಕಣ್ಣು ಮೂರನೆಯ ಸಾಲಿಗೆ ಹೋಗಿ ವಾಪಸ್ಸು ಬಂತು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ನಾನು ಕಲಿಸಿದ ಕನ್ನಡದಲ್ಲಿ, ನನ್ನದೇ ಏರಿಳಿತದಲ್ಲಿ ಹೇಳಿದರು.

"ಪ್ರಭು, ಪ್ರಜೆಗಳು ಬಾಗಿಲಲ್ಲಿ ನಿಂತಿದ್ದಾರೆ. ಅವರು ದುಃಖದಲ್ಲಿದ್ದಾರೆ."

ಯಾರೂ ನಗಲಿಲ್ಲ. ನಾಟಕ ಮುಂದಕ್ಕೆ ಹೋಯಿತು. ಹಲ್ಲಿನ ಡಾಕ್ಟರು ಎಂದಿನಂತೆ ಗುಡುಗಿದರು, ಬೆರಳು ಕತ್ತರಿಸಿಕೊಂಡಾಗ ಚಪ್ಪಾಳೆ ಬಿತ್ತು. ಅಂಕಲ್ ಕೊನೆಯ ತನಕ ಎಲ್ಲ ಮಾತನ್ನೂ ನನ್ನ ಕನ್ನಡದಲ್ಲೇ ಆಡಿದರು. ಪಕ್ಕದಲ್ಲಿ ಮರೆಯಾಗಿ ನಿಂತಿದ್ದ ನಾನು, ಅಬ್ಬಾ, ಅಂತೂ ಇವರ ಬಾಯಲ್ಲಿ ಮಾತು ಸಹಜವಾಗಿ ಬಂತಲ್ಲ ಎಂದು ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಮುಗಿದ ಮೇಲೆ ಕಾರಿಡಾರಿನಲ್ಲಿ ಮಗಳು ನನ್ನ ಹತ್ತಿರ ಬಂದಳು. "ಆಂಟಿ, ವೈ ಡಿಡ್ ದೇ ಲಾಫ್?" ಎಂದು ಕೇಳಿದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಆ ಭಾಷೆ ಅಂದ್ರೆ ಜನಕ್ಕೆ ಇಷ್ಟ, ಪ್ರೀತಿಯಿಂದ ನಗ್ತಾರೆ ಎಂದು ಏನೋ ಒದರಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅಂಕಲ್ ರುಮಾಲು ಬಿಚ್ಚಿ ಅಚ್ಚುಕಟ್ಟಾಗಿ ಮಡಿಸಿಕೊಂಡು ಬಂದರು. ಮಗಳ ಭುಜದ ಮೇಲೆ ಕೈಯಿಟ್ಟು, "ಇಟ್ಸ್ ಓಕೆ. ಇಟ್ ವಾಸ್ ಅ ಕಾಮಿಡಿ ರೋಲ್," ಎಂದರು. ಆಮೇಲೆ ರುಮಾಲನ್ನು ನನ್ನ ಕೈಗೆ ಕೊಟ್ಟರು.

"ನಾಟಕ ತುಂಬಾ ಚೆನ್ನಾಗಿ ಬಂತು, ಮೇಡಂ. ನಿಮಗೆ ತುಂಬಾ ಶ್ರಮವಾಯಿತು."

ಯವ್ವಾ ಹೋಗಿ ಮೇಡಂ ಆಗಿದ್ದೆ. ಆಯಾಸವಾಗಿರಬೇಕು, ಪಾತ್ರದ ಗುಂಗಿನಲ್ಲೇ ಇದ್ದಾರೆ ಎಂದುಕೊಂಡೆ. ಆದರೆ ಸಂಕ್ರಾಂತಿಗೆ ಫೋನ್ ಮಾಡಿದಾಗಲೂ ಮೇಡಂ. ಯುಗಾದಿಗೂ ಮೇಡಂ. "ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಆರೋಗ್ಯವೇ?" ಬೇಸರವಿಲ್ಲ, ವ್ಯಂಗ್ಯವಿಲ್ಲ. ಹಬ್ಬಕ್ಕೆ ಮೊದಲು ಅವರೇ ಫೋನ್ ಮಾಡುವ ಪದ್ಧತಿಯೂ ತಪ್ಪಲಿಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ರಾಜಿಯಾಗಿಬಿಡುತ್ತಿದ್ದೆ. ಅವರು ಅದಕ್ಕೆ ಜಾಗವನ್ನೇ ಕೊಡಲಿಲ್ಲ.

ಹೋದ ಆಗಸ್ಟಿನಲ್ಲಿ ಫೋನು ತುಂಬಿಹೋಗಿದೆ ಎಂದು ಹಳೆಯದನ್ನೆಲ್ಲ ಅಳಿಸುತ್ತಾ ಕೂತಿದ್ದೆ. ಆ ಹದಿನಾಲ್ಕು ನಿಮಿಷ ಕಣ್ಣಿಗೆ ಬಿತ್ತು. ಅಳಿಸುವ ಮೊದಲು ಒತ್ತಿದೆ.

ಮೊದಲಿಗೆ ಪಾತ್ರೆಯ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಒಂದು ಹೆಣ್ಣಿನ ದನಿ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಇಡುತ್ತಿದ್ದಳು, ಅಮೆರಿಕದ ನಾಲಿಗೆ ಹೊರಳಿಸುತ್ತಾ. "ಅಪ್ಪಾವ್ರ... ಬಾಗಲಾಗ... ಮಂದಿ ಬಂದಾರ. ಅಳಕೊತ... ನಿಂತಾರ." ಬಾಗಿಲು ಕಾಯುವವನ ಮಾತನ್ನು ಮಗಳು ಓದುತ್ತಿದ್ದಳು. ಕನ್ನಡ ಬಾರದವಳು ಎಂದು ನಾನು ಅಂದುಕೊಂಡಿದ್ದ ಮಗಳು. ಅದಕ್ಕೆ ಅರಸ ಉತ್ತರ ಕೊಟ್ಟ.

"ಬಾಗಲಾ ತಗೀರಿ. ಯಾರ ಮನ್ಯಾಗ ಯಾರು ಹೋದ್ರು, ಒಬ್ಬೊಬ್ಬರದೇ ಹೆಸರ ಹೇಳ್ರಿ. ನಾ ಕೇಳ್ಕೊತ ಕೂಡ್ತೀನಿ."

ಹನ್ನೊಂದು ವರ್ಷದಲ್ಲಿ ನಮ್ಮ ಸ್ಟೇಜಿಗೆ ಅಂಥ ಅರಸ ಬಂದಿರಲಿಲ್ಲ. ಗುಡುಗಲಿಲ್ಲ, ಮಿಂಚಲಿಲ್ಲ. ಹೊಸ್ತಿಲಲ್ಲಿ ಕೂತವನ ದನಿ, ಕೇಳುವುದಕ್ಕೆಂದೇ ಕೂತವನ ದನಿ. ನನ್ನ ಅಡುಗೆಮನೆಯಲ್ಲಿ ನಿಂತಿದ್ದ ನನಗೆ, ಸತ್ತ ನಮ್ಮಮ್ಮನ ಹೆಸರನ್ನು ಅವನಿಗೆ ಹೇಳಿಬಿಡಬೇಕು ಎನ್ನಿಸಿತು. ಸಂದೇಶ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಮಗಳು, ಹಾಳೆಯಲ್ಲಿ ಇಲ್ಲದ ಮಾತು, ತನ್ನದೇ ಮಾತು, ಮೆಲ್ಲಗೆ ಹೇಳಿದಳು: "ಅಪ್ಪಾ, ಇನ್ನೊಮ್ಮಿ ಹೇಳು."

ಅವರು ಇನ್ನೊಮ್ಮೆ ಹೇಳಿದರು. ಹದಿನಾಲ್ಕು ನಿಮಿಷದಲ್ಲಿ ಅವಳು ಮೂರು ಸಲ ಹೇಳಿಸಿದಳು.

ಅವರಿಗೆ ಬೇಕಾದದ್ದು ತಾಲೀಮು ಶುರುವಾಗುವ ಮೊದಲೇ ಅವರ ಊಟದ ಮೇಜಿನ ಹತ್ತಿರ ಆಗಿಹೋಗಿತ್ತು. ಅರಸ ಆಡಿದ್ದ, ಮಗಳು ನಂಬಿದ್ದಳು. ನನ್ನಿಂದ ಆಗಬೇಕಾಗಿದ್ದುದು ಅದನ್ನು ಕೆಡಿಸದೆ ಇರುವುದೊಂದೇ. ಏಳು ವರ್ಷದವಳ ಮಾತಿಗೆ ಒಂದು ಕ್ಲಾಸಿನವರು ನಕ್ಕಿದ್ದರು. ಮೂವತ್ತಾರರಲ್ಲಿ ನಾನು ಅವಳ ಕಣ್ಣೆದುರು ಒಂದು ಹಾಲ್ ತುಂಬ ಜನರನ್ನೇ ನಗಿಸಿದೆ, ಅದೂ ಅವಳೇ ಓದಿ ಕಲಿತಿದ್ದ ಆ ಎರಡು ಮಾತಿಗೆ.

ಮರುದಿನ ಶನಿವಾರ. ಒಬ್ಬಳೇ ಟ್ರಾಯ್‌ಗೆ ಡ್ರೈವ್ ಮಾಡಿದೆ. ಹೋಗುವಾಗ ಒಂದು ತಾಸು ಕಳೆದುಕೊಂಡೆ. ಅಂಕಲ್ ಬಾಗಿಲು ತೆಗೆದು, "ಬನ್ನಿ ಬನ್ನಿ ಮೇಡಂ," ಎಂದು ಕೂರಿಸಿ ಟೀ ಮಾಡಿದರು. ಸ್ವಲ್ಪ ಸೊರಗಿದ್ದರು. ನಾನು ಪೀಠಿಕೆ ಹಾಕದೆ ಹೇಳಿಬಿಟ್ಟೆ.

"ಅಂಕಲ್, ನಂದು ದೊಡ್ಡ ತಪ್ಪಾಯ್ತು. ಈ ನವೆಂಬರಿಗೆ ಅದೇ ನಾಟಕ ಮತ್ತೆ ಮಾಡೋಣ. ನೀವೇ ರಾಜ. ನಿಮ್ಮ ಮಾತಲ್ಲೇ. ಬಾಗಿಲಿಗೆ ನಿಮ್ಮ ಮಗಳನ್ನ ಕೇಳ್ತೀನಿ. ಯಾರಾದ್ರೂ ನಕ್ರೆ ನಾನು ಸ್ಟೇಜ್ ಹತ್ತಿ ನಿಲ್ಲಿಸ್ತೀನಿ."

"ಛೆ, ಎಂಥ ಮಾತು ಮೇಡಂ," ಎಂದರು. "ನೀವು ಒಳ್ಳೆಯದಕ್ಕೇ ಹೇಳಿದ್ದು. ಈಗ ನನಗೆ ಆಗುವುದಿಲ್ಲ. ಮಾತೆಲ್ಲ ಮರೆತುಹೋಗಿದೆ."

"ಮಗಳು..."

"ಅವಳು ಈಗ ಕೇಳುವುದಿಲ್ಲ ಮೇಡಂ. ನಾನೂ ಹೇಳುವುದಿಲ್ಲ. ಅವಳಿಗೂ ತುಂಬಾ ಕೆಲಸ."

ಫೋನು ತೆಗೆದು ಆ ಸಂದೇಶ ಹಾಕಲೇ ಎಂದು ಕೈ ಬ್ಯಾಗಿನ ತನಕ ಹೋಯಿತು. ಒಂದು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಅವರಿಗೇ ಕೇಳಿಸುವ ಮುಖ ಇರಲಿಲ್ಲ. ಟೀ ಕುಡಿದೆ. ಅವರು ಹವಾಮಾನದ ಬಗ್ಗೆ, ದೇವಸ್ಥಾನದ ಹೊಸ ಪಾರ್ಕಿಂಗಿನ ಬಗ್ಗೆ ಮಾತಾಡಿದರು. ಒಂದು ಸಲವಾದರೂ "ಯವ್ವಾ" ಎಂದಾರು, ಒಂದು "ಹಂಗ" ಒಂದು "ಖರೆ" ಜಾರಿ ಬಿದ್ದೀತು ಎಂದು ಕಾದು ಕೂತಿದ್ದೆ. ಮಳಖೇಡದ ಬಾಗಿಲಲ್ಲಿ ಕಾದು ನಿಂತ ಸಾಮಂತರೂ ಇಷ್ಟು ಕಾದಿರಲಾರರು. ಬಾಗಿಲು ತೆಗೆಯಲಿಲ್ಲ.

ಹೊರಟಾಗ ಅವರು ಕಾರಿನ ತನಕ ಬಂದರು. ಅದೊಂದು ಮಾತ್ರ ಮೊದಲಿನ ಹಾಗೆಯೇ.

"ಐ-75ರಲ್ಲಿ ರಸ್ತೆ ಕೆಲಸ ನಡೆಯುತ್ತಿದೆ, ನೋಡಿಕೊಂಡು ಹೋಗಿ. ನಿಧಾನವಾಗಿ ಹೋಗಿ ಬನ್ನಿ, ಮೇಡಂ. ತಲುಪಿದ ಮೇಲೆ ಒಂದು ಫೋನ್ ಮಾಡಿ."

ತಿದ್ದಲು ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.